ಪಾಳಿ ಹಂಚಿದ ಸರ್ವರ್

ಪೀಣ್ಯದಲ್ಲಿ ಸರ್ವರ್ ಕೂರಿಸಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು ಇದು: ಗೋಡೆಯ ಆಚೆ ಏನಿದೆ ಎಂದು ನೋಡಿಕೊಳ್ಳಿ. ನಾವು ನೋಡಿಕೊಳ್ಳಲಿಲ್ಲ. ಕೋಣೆ ತಂಪಾಗಿದೆ, ಬಾಗಿಲು ಭದ್ರವಾಗಿದೆ, ವೈರ್ ಎಳೆಯಲು ಸಲೀಸು ಎಂದು ಕೆಳಗಿನ ಸ್ಟೋರ್ಸ್ ಪಕ್ಕದ ಕೋಣೆಯಲ್ಲಿ ಇಟ್ಟೆವು. ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಜನರಲ್ ಮ್ಯಾನೇಜರ್ ಕೈಯಲ್ಲಿ ಗುಂಡಿ ಒತ್ತಿಸಿದೆವು. ಕೆಲವೇ ವಾರಗಳಲ್ಲಿ ಡಿಸ್ಕ್ ಕೆಟ್ಟಿತು. ಹೊಸದು ಹಾಕಿದೆವು, ಅದೂ ಕೆಟ್ಟಿತು. ಮಾರಿದವರ ಮೇಲೆ ಹಾರಾಡಿದೆವು. ಕೊನೆಗೆ ಒಂದು ಬೆಳಿಗ್ಗೆ ನನ್ನ ಟೀ ಲೋಟವನ್ನು ಸರ್ವರ್ ಮೇಲಿಟ್ಟು ವೈರ್ ನೋಡುತ್ತಿದ್ದೆ. ಲೋಟದೊಳಗಿನ ಟೀ ತನ್ನಷ್ಟಕ್ಕೆ ನಡುಗುತ್ತಿತ್ತು. ಗೋಡೆಯ ಆಚೆ ತಗಡು ಕತ್ತರಿಸುವ ಪ್ರೆಸ್ ಶಾಪ್ ಇತ್ತು. ಅಲ್ಲಿ ಪ್ರೆಸ್ ಒಂದೊಂದು ಸಲ ಬಡಿದಾಗಲೂ ಇಲ್ಲಿ ನಮ್ಮ ಸರ್ವರ್ ಬೆಚ್ಚಿಬೀಳುತ್ತಿತ್ತು.

ಆಮೇಲೆ ಅದನ್ನು ಮೊದಲ ಮಹಡಿಯ ಹಳೇ ಫೈಲ್ ಕೋಣೆಗೆ ಸಾಗಿಸಿ, ನನ್ನ ಮೇಜನ್ನೂ ಅಲ್ಲಿಗೇ ಹಾಕಿಸಿಕೊಂಡೆ. ಆ ಕೋಣೆಗೆ ಒಂದು ಕಿಟಕಿ. ಕಿಟಕಿಯಿಂದ ನೋಡಿದರೆ ಕಾರ್ಖಾನೆಯ ಗೇಟು, ಗೇಟಿನಾಚೆ ಹೊಂಗೆ ಮರ, ಮರದ ಕೆಳಗೆ ಟೀ ಅಂಗಡಿ. ಆ ಕಿಟಕಿ ಇಲ್ಲದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ, ನಿವೃತ್ತಿಯನ್ನು ಇನ್ನಷ್ಟು ನೆಮ್ಮದಿಯಿಂದ ಕಳೆಯುತ್ತಿದ್ದೆ.

ನಮ್ಮದು ಪಂಪ್‌ಸೆಟ್ಟಿನ ಮೋಟಾರು ಮಾಡುವ ಕಾರ್ಖಾನೆ. ಅದರ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಇಡೀ ನೌಕರಿ ಮುಗಿಯಿತು. ಬಡ್ತಿ, ಶಾಲು, ಹಾರ ಹಾಕಿಸಿಕೊಂಡ ಫೋಟೋ ಎಲ್ಲ ಅಟ್ಟದ ಮೇಲಿವೆ, ಅಲ್ಲೇ ಇರಲಿ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಒಮ್ಮೊಮ್ಮೆ ಬಾಗಲಗುಂಟೆಯ ನಮ್ಮ ಮನೆಗೆ ಬಂದು, "ಮೇಡಂ, ಆಪ್ಟಿಮೈಸೇಶನ್ ಸರ್ವರ್ ಹೆಂಗ್ ಸೆಟಪ್ ಮಾಡಿದ್ರಿ, ಸ್ವಲ್ಪ ಹೇಳಿ" ಎಂದು ಕೇಳುತ್ತಾರೆ. ಸೆಟಪ್ ಮಾಡಿದ್ದು ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳಬಹುದಾದ ಸಂಗತಿ. ಆಮೇಲೆ ಆದದ್ದನ್ನು ಅವರು ಕೇಳುವುದಿಲ್ಲ, ನಾನಾಗಿ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಸರ್ವರ್ ಬಂದದ್ದು ಪಾಳಿ ಹಂಚಲು. ಇಷ್ಟು ಜನ, ಇಷ್ಟು ಯಂತ್ರ, ಇಷ್ಟು ಆರ್ಡರು. ಯಾರನ್ನು ಬೆಳಗಿನ ಪಾಳಿಗೆ, ಯಾರನ್ನು ಮಧ್ಯಾಹ್ನದ ಪಾಳಿಗೆ, ಯಾರನ್ನು ರಾತ್ರಿ ಪಾಳಿಗೆ ಹಾಕಿದರೆ ಖರ್ಚು ಎಲ್ಲಕ್ಕಿಂತ ಕಡಿಮೆಯಾದೀತು? ಇಂಥ ಲೆಕ್ಕಕ್ಕೆ ಆಪ್ಟಿಮೈಸೇಶನ್ ಎನ್ನುತ್ತಾರೆ. ಒಂದೊಂದು ವಿಭಾಗದ ಕಂಪ್ಯೂಟರಿನಲ್ಲೂ ಈ ಲೆಕ್ಕ ಓಡಿಸಲು ಹೋದರೆ ಅದು ಮಧ್ಯಾಹ್ನದವರೆಗೂ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಹಾಗಾಗಿ ಬಲವಾದ ಒಂದೇ ಸರ್ವರ್ ಇಟ್ಟು, ಎಲ್ಲ ಕಂಪ್ಯೂಟರುಗಳನ್ನೂ ಅದಕ್ಕೆ ಜೋಡಿಸಿದೆವು. ವೈಂಡಿಂಗ್, ಪ್ರೆಸ್, ಅಸೆಂಬ್ಲಿ, ಪ್ಯಾಕಿಂಗ್ ಎಲ್ಲರೂ ತಮ್ಮ ಲೆಕ್ಕವನ್ನು ಕಳಿಸುವುದು, ಸರ್ವರ್ ಅವನ್ನು ಸಾಲಾಗಿ ನಿಲ್ಲಿಸಿಕೊಂಡು ಒಂದೊಂದಾಗಿ ಬಿಡಿಸಿ ಉತ್ತರ ವಾಪಸು ಕಳಿಸುವುದು.

ಹೇಳಿದಷ್ಟು ಸುಲಭವಾಗಿ ಅದು ನಡೆಯಲಿಲ್ಲ. ಲೆಕ್ಕ ಕಳಿಸಿದ ಪ್ರೆಸ್ ಶಾಪಿನ ಸೂಪರ್‌ವೈಸರಿಗೆ ಒಂದು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಇನ್ನೊಮ್ಮೆ ಕಳಿಸುವುದು, ಅದಕ್ಕೂ ಬಾರದಿದ್ದರೆ ಮತ್ತೊಮ್ಮೆ. ಬಸ್ಸಿಗೆ ಕೈ ಅಡ್ಡ ಹಾಕಿದ ಹಾಗೆ. ಒಂದೇ ಲೆಕ್ಕ ಸಾಲಿನಲ್ಲಿ ಹತ್ತಾರು ಕಡೆ ನಿಂತು ಮಿಕ್ಕವರ ದಾರಿ ಕಟ್ಟಿತು. ನಾನು 'ತುರ್ತು' ಎಂಬ ಗುರುತು ಕೊಟ್ಟೆ, ನಿಜವಾಗಿ ಅವಸರವಿದ್ದವರು ಮುಂದೆ ಹೋಗಲಿ ಎಂದು. ಮರುದಿನದಿಂದ ಎಲ್ಲರದೂ ತುರ್ತೇ. ಆ ಗುರುತನ್ನೇ ಕಿತ್ತುಹಾಕಿ, ಒಂದು ಕಂಪ್ಯೂಟರಿನಿಂದ ಒಂದು ಹೊತ್ತಿಗೆ ಒಂದೇ ಲೆಕ್ಕ ಎಂದು ಕಟ್ಟುಮಾಡಿದ ಮೇಲೆ ಯಂತ್ರವೂ ಜನರೂ ಉಸಿರುಬಿಟ್ಟರು.

ಅದಕ್ಕೆ ಮೊದಲು ಪಾಳಿ ಹಂಚುತ್ತಿದ್ದವರು ಹಾಜರಾತಿ ನೋಡುವ ಟೈಮ್ ಆಫೀಸಿನ ನಂಜುಂಡಪ್ಪ. ಶನಿವಾರ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಗೇಟಿನ ಬಳಿ ಒರಗಿಸುತ್ತಿದ್ದರು. ಅವರನ್ನು ನಾನು ಹೊಗಳಲಾರೆ. ತಮ್ಮ ಬೀಗರ ಕಡೆಯವರಿಗೆ ರಾತ್ರಿ ಪಾಳಿ ಬಂದದ್ದನ್ನು ಯಾರೂ ಕಂಡಿಲ್ಲ. ಎದುರು ಮಾತಾಡಿದವನಿಗೆ ರಾತ್ರಿ ಪಾಳಿ ತಪ್ಪಿದ್ದನ್ನೂ ಕಂಡಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುವಂಥ ಮನುಷ್ಯ. ಆದರೆ ಹಲಗೆ ಇಟ್ಟ ಮೇಲೆ ಅವರು ಟೀ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಜನ ಮುತ್ತಿಕೊಳ್ಳುತ್ತಿದ್ದರು. ಅಣ್ಣ, ನನಗೆ ಅದು ಬೇಡ ಇದು ಕೊಡಿ. ನಾನೂ ಇವನೂ ಬದಲಾಯಿಸಿಕೊಳ್ಳುತ್ತೇವೆ ಎನ್ನುವರು. ಅವರು ಬೈಯುತ್ತಲೇ ಎದ್ದು ಹೋಗಿ ಅಂಗೈಯಲ್ಲಿ ಒರೆಸಿ ಬೇರೆ ಬರೆಯುತ್ತಿದ್ದರು. ಸೀಮೆಸುಣ್ಣವಲ್ಲವೇ, ಅಳಿಸಬಹುದಿತ್ತು.

ಸರ್ವರ್ ಬೇಕು ಎಂದು ಜನರೇ ಕೇಳಿದ್ದರು. ಯಂತ್ರಕ್ಕೆ ಬೀಗರಿಲ್ಲ, ಜಾತಿಯಿಲ್ಲ, ಎಲ್ಲರಿಗೂ ಒಂದೇ ನ್ಯಾಯ ಎಂದರು. ನಾನೂ ಅದನ್ನೇ ನಂಬಿದ್ದೆ, ಹೆಮ್ಮೆಯಿಂದಲೇ ನಂಬಿದ್ದೆ. ಮೊದಲ ತಿಂಗಳು ಪಾಳಿ ಪಟ್ಟಿ ಎಲ್ಲರ ಮೊಬೈಲಿಗೆ ಹೋದಾಗ ವೈಂಡಿಂಗ್ ವಿಭಾಗದ ಹೆಂಗಸರು ಮೈಸೂರುಪಾಕು ತಂದುಕೊಟ್ಟರು.

ಅದೇ ವಿಭಾಗದ ಮಲ್ಲಮ್ಮ ಒಂದು ದಿನ ಮಹಡಿ ಹತ್ತಿ ಬಂದಳು. ಕೊಪ್ಪಳದ ಕಡೆಯವಳು, ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಅವಳ ಗಂಡ ಹನುಮಂತ ಪ್ರೆಸ್ ಶಾಪಿನಲ್ಲಿದ್ದ. ಇಬ್ಬರನ್ನೂ ನಾನು ಕಿಟಕಿಯಿಂದ ಬಲ್ಲೆ. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವ ಸೈರನ್ ಕೂಗಿದರೆ, ಒಳಗಿನಿಂದ ಒಬ್ಬರು ಹೊರಬರುವರು, ಹೊರಗಿನಿಂದ ಒಬ್ಬರು ಒಳಹೋಗುವರು. ಒಳಹೋಗುವವರ ಸೊಂಟದ ಮೇಲಿನ ಮಗು ಹೊಂಗೆ ಮರದ ಕೆಳಗೆ ಹೊರಬಂದವರ ಸೊಂಟಕ್ಕೆ ದಾಟುವುದು. ಅವರ ಮಗಳು ಸವಿತಾ, ಆಗಿನ್ನೂ ನಾಲ್ಕು ತುಂಬಿರಲಿಲ್ಲ. ಹಾಗೆ ಮಗು ದಾಟಿಸುವ ಜೋಡಿಗಳು ಇನ್ನೂ ಇದ್ದವು. ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿರುವ ಗಂಡ ಹೆಂಡತಿ ಇಬ್ಬರೂ ದುಡಿಯಲು ಕಂಡುಕೊಂಡಿದ್ದ ಉಪಾಯ ಅದೊಂದೇ.

"ಮೇಡಂ ಅವ್ರ, ಬರೂ ವಾರ ನಮ್ಮಿಬ್ಬರಿಗೂ ಸೆಕೆಂಡ್ ಶಿಫ್ಟ್ ಬಂದೈತ್ರಿ" ಎಂದಳು. "ಕೂಸಿನ್ನ ಎಲ್ಲಿ ಬಿಡ್ಲಿ? ನಂಜುಂಡಪ್ಪ ಸಾಹೇಬ್ರಿಗೆ ಹೇಳಿದ್ನಿ. ನನ್ನ ಕೈಯಾಗ ಏನಿಲ್ಲ, ಮ್ಯಾಲಿನ ಮಿಷಿನ್ನಿಗೆ ಹೇಳು ಅಂದ್ರು." ಸರ್ವರಿನ ಹಸಿರು ದೀಪಗಳ ಕಡೆ ನೋಡಿದಳು. "ಯಾರಿಗೆ ಹೇಳ್ಬೇಕ್ರಿ, ನಿಮಗೋ, ಇದಕ್ಕೋ?"

"ನನಗೇ ಹೇಳಮ್ಮ" ಎಂದೆ.

ಕಾರ್ಖಾನೆಯಲ್ಲಿ ಶಿಶುವಿಹಾರ ಎಂಬ ಬೋರ್ಡೇನೋ ಇತ್ತು. ಅರ್ಧ ಕೋಣೆ ಪ್ಯಾಕಿಂಗ್ ಪೆಟ್ಟಿಗೆ, ಮಿಕ್ಕರ್ಧಕ್ಕೆ ಸಂಜೆ ಆಫೀಸು ಬಿಡುವ ಹೊತ್ತಿಗೆ ಬೀಗ. ಎರಡನೇ ಪಾಳಿ, ಅಂದರೆ ಮಧ್ಯಾಹ್ನದ್ದು, ಬಿಡುವುದು ರಾತ್ರಿ ಹತ್ತಕ್ಕೆ. ಅವಳೆದುರಿಗೇ ಕೂತು ಸರ್ವರಿಗೆ ಒಂದು ನಿಯಮ ಬರೆದೆ: ಈ ಇಬ್ಬರು ಒಂದೇ ಪಾಳಿಯಲ್ಲಿ ಇರಕೂಡದು. ಲೆಕ್ಕ ಮತ್ತೆ ಓಡಿಸಿದೆ. ಅವಳಿಗೆ ಬೆಳಗಿನ ಪಾಳಿ, ಅವನಿಗೆ ಮಧ್ಯಾಹ್ನದ್ದು ಬಂತು. ಮಲ್ಲಮ್ಮ ನನಗೊಂದು, ಸರ್ವರಿಗೊಂದು ನಮಸ್ಕಾರ ಹಾಕಿ ಇಳಿದುಹೋದಳು. ಆ ದಿನ ನನ್ನ ಕೆಲಸದ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಸುದ್ದಿ ನಿಲ್ಲುತ್ತದೆಯೇ? ಮೇಡಂ ಹತ್ತಿರ ಹೋದರೆ ಮಿಷಿನ್ನಿಗೆ ಹೇಳುತ್ತಾರೆ ಎಂದು ಹಬ್ಬಿತು. ಮಗು ದಾಟಿಸುವ ಜೋಡಿಗಳೆಲ್ಲ ಬಂದವು. ಆಮೇಲೆ ಹುಡುಗರು ಬಂದರು. ಅವರದು ನನಗೆ ಗೊತ್ತೇ ಇರದಿದ್ದ ಲೋಕ. ಬಾಗಲಗುಂಟೆಯ ಒಂದು ಕೋಣೆಯಲ್ಲಿ ಮೂವರು ಮಲಗುವಷ್ಟು ಜಾಗ, ಇರುವವರು ಆರು ಜನ. ಮೂವರು ದುಡಿಯುವಾಗ ಮೂವರು ಮಲಗಬೇಕು. ಅವರು ಎದ್ದುಹೋದ ಚಾಪೆಯ ಮೇಲೆ ಇವರು. ನಂಜುಂಡಪ್ಪ ಬೈದುಕೊಂಡು ಹಲಗೆ ಒರೆಸುತ್ತಿದ್ದುದು ಇದಕ್ಕೆಲ್ಲ. ಸರ್ವರ್ ಆರೂ ಜನರನ್ನು ಒಂದೇ ಪಾಳಿಗೆ ಹಾಕಿತ್ತು. ನನ್ನ ಮನೆಯಿಂದ ಎರಡು ಬೀದಿಯಾಚೆ ಜನ ಪಾಳಿಯ ಪ್ರಕಾರ ಮಲಗುತ್ತಿದ್ದಾರೆ, ನನಗದು ತಿಳಿದಿರಲಿಲ್ಲ.

ಅವರದೂ ಬರೆದೆ. ನಿಯಮದ ಮೇಲೆ ನಿಯಮ. ಒಂದು ಶುಕ್ರವಾರ ಸರ್ವರ್ ಬೆಳಗಿನಿಂದ ಮಧ್ಯಾಹ್ನದವರೆಗೂ ತಿಣುಕಿ, ಉತ್ತರವಿಲ್ಲ ಎಂದುಬಿಟ್ಟಿತು. ಎಲ್ಲ ನಿಯಮಗಳನ್ನೂ ಒಟ್ಟಿಗೆ ಪಾಲಿಸುವ ಪಾಳಿ ಪಟ್ಟಿ ಈ ಲೋಕದಲ್ಲೇ ಇಲ್ಲ ಎಂದು ಅದರ ಅರ್ಥ. ಅಷ್ಟು ಆರ್ಡರು, ಅಷ್ಟೇ ಜನ. ಇನ್ನೂ ಕೆಲವರನ್ನು ಕೆಲಸಕ್ಕೆ ತೆಗೆದುಕೊಂಡಿದ್ದರೆ ಅಂಥ ಪಟ್ಟಿ ಇರುತ್ತಿತ್ತು. ಪಟ್ಟಿಯಿಲ್ಲದೆ ಸೋಮವಾರ ಕಾರ್ಖಾನೆ ನಿಂತೀತು ಎಂದು ಎಲ್ಲ ವಿಭಾಗಗಳಿಂದ ಫೋನು ಬಂದವು.

ನಮ್ಮ ಐಟಿ ಮುಖ್ಯಸ್ಥ ಪ್ರಸಾದ್ ವೈಟ್‌ಫೀಲ್ಡ್ ಆಫೀಸಿನಿಂದ ಬಂದರು. ನನಗಿಂತ ಬಹಳ ಚಿಕ್ಕವರು, ಕೆಟ್ಟವರಲ್ಲ, ದನಿ ಏರಿಸಿದವರಲ್ಲ.

"ಮೇಡಂ, ಇಷ್ಟೊಂದು ಹಾರ್ಡ್ ರೂಲ್ ಹಾಕಿದ್ರೆ ಅದು ತಾನೇ ಏನ್ ಮಾಡತ್ತೆ? ಎಲ್ಲಾನೂ ಸಾಫ್ಟ್ ಮಾಡ್ಬಿಡಿ" ಎಂದರು.

ಮುರಿಯಲೇಬಾರದ ನಿಯಮವನ್ನು ಮುರಿದರೂ ನಡೆಯುವ ನಿಯಮವಾಗಿ ಬದಲಾಯಿಸುವುದು ಎಂದರ್ಥ. ಆಗ ಒಂದೊಂದು ನಿಯಮಕ್ಕೂ, ಅದನ್ನು ಮುರಿದರೆ ಎಷ್ಟು ನಷ್ಟ ಎಂದು ಒಂದು ಸಂಖ್ಯೆ ಕೊಡಬೇಕು. ಸರ್ವರ್ ಆ ಸಂಖ್ಯೆಗಳನ್ನು ತೂಗಿ ನೋಡಿ, ಅಗ್ಗವಾದದ್ದನ್ನು ಮುರಿಯುತ್ತದೆ.

"ನಾಲ್ಕು ವರ್ಷದ ಮಗು ರಾತ್ರಿ ಹತ್ತರ ತನಕ ಒಂದೇ ಇರೋದಕ್ಕೆ ಎಷ್ಟು ಹಾಕ್ಲಿ ಸಾರ್?" ಎಂದೆ.

ಅವರು ಪರದೆಯ ಮೇಲಿನ ನಿಯಮಗಳನ್ನು ಕೆಳಗಿನ ತನಕ ಸರಿಸಿ ನೋಡಿದರು. "ಓವರ್‌ಟೈಮ್‌ಗೆ ಹಾಕಿರೋದಕ್ಕಿಂತ ಕಮ್ಮಿ ಇರ್ಲಿ ಮೇಡಂ. ಇಲ್ಲಾಂದ್ರೆ ಅದು ಬೇರೆಯವರಿಗೆ ಓವರ್‌ಟೈಮ್ ಕೊಟ್ಕೊಂಡು ಜನರ ಮನೆ ಪ್ರಾಬ್ಲಂ ಬಿಡಿಸ್ತಾ ಕೂರತ್ತೆ. ಅದಕ್ಕಲ್ವಲ್ಲ ನಾವು ತಂದಿರೋದು."

"ಸಾರ್, ನಿಮಗೂ ಮಗು ಇದೆ."

"ಅದಕ್ಕೇ ಹೇಳ್ತಿದೀನಿ, ಇದನ್ನ ಪರ್ಸನಲ್ ಆಗಿ ತಗೋಬೇಡಿ. ಮೇಲಿಂದ ಬಂದಿರೋ ಮಾತು."

ಗಡಿಯಾರ ನೋಡಿ ಎದ್ದರು. ಬ್ರೂಕ್‌ಫೀಲ್ಡಿನ ಡೇಕೇರಿನಿಂದ ಮಗಳನ್ನು ಕರೆದುಕೊಂಡು ಹೋಗುವ ಸರದಿ ಆ ದಿನ ಅವರದು. ಟ್ರಾಫಿಕ್ ಶುರುವಾಗುವ ಮೊದಲು ಹೊರಡಬೇಕಿತ್ತು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಾಗಿಲು ತಟ್ಟಿ ಕೇಳಬಹುದಾದ ಯಾರೂ ಅವರ ಮೇಲೆಯೂ ಇರಲಿಲ್ಲ. ಮೇಲಿಂದ, ಮೇಲಿಂದ ಎನ್ನುತ್ತಾರೆ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ದುಡಿದರೂ ಆ ಮೇಲೆ ಕೂತವರ ಮುಖ ನೋಡಲಿಲ್ಲ.

ಸಂಖ್ಯೆ ತುಂಬಿದೆ. ಕೊಟ್ಟ ಮಿತಿಯೊಳಗೆ ಮಲ್ಲಮ್ಮನ ನಿಯಮಕ್ಕೆ ಎಲ್ಲಕ್ಕಿಂತ ದೊಡ್ಡದನ್ನೇ ಕೊಟ್ಟೆ. ಆದರೂ ಅದು ಓವರ್‌ಟೈಮಿಗಿಂತ ಚಿಕ್ಕದು. ಮರುವಾರವೇ ಸರ್ವರ್ ಅದನ್ನು ಮುರಿದು ಗಂಡ ಹೆಂಡತಿ ಇಬ್ಬರನ್ನೂ ಮತ್ತೆ ಎರಡನೇ ಪಾಳಿಗೆ ಹಾಕಿತು.

ನಂಜುಂಡಪ್ಪನವರ ಹತ್ತಿರ ಹೋದೆ. ಹಲಗೆಯನ್ನು ಸೈಕಲ್ ಸ್ಟ್ಯಾಂಡಿನಲ್ಲಿ ಮಳೆನೀರು ತಡೆಯಲು ಅಡ್ಡ ಇಟ್ಟಿದ್ದರು. "ಅಣ್ಣ, ಹಿಂದಿನ ಹಾಗೆ ಅವರವರೇ ಬದಲಾಯಿಸಿಕೊಳ್ಳಲಿ, ನೀವು ಕಣ್ಣುಮುಚ್ಚಿಕೊಂಡಿರಿ" ಎಂದೆ.

"ನಾನು ಮುಚ್ಕೊತೀನಿ ಕಣಮ್ಮ, ಗೇಟು ಮುಚ್ಕೊಳ್ಳಾಕಿಲ್ವಲ್ಲ" ಎಂದರು. "ಬೆಳ್ಳು ಒತ್ತಿದ್ರೆ ಅದು ನಿನ್ ಸರ್ವರ್‌ನ ಕೇಳ್ತದೆ. ಇವ್ನು ಈ ಪಾಳಿಯೋನಲ್ಲ ಅಂದ್ರೆ ತಿರುಗಾಕೇ ಇಲ್ಲ ಅದು. ಅಂಗೆ ಮಾಡ್ದೋಳು ನೀನೇ ಅಲ್ವಾ, ಓದ್ ವರ್ಸ?"

ನಾನೇ. ಬೆರಳು ಒತ್ತಿದರೆ ಗೇಟಿನ ತಿರುಗುಕಂಬಿ ಬಿಡುವ ಹಾಜರಾತಿಯ ಯಂತ್ರವನ್ನು ಸರ್ವರಿಗೆ ಜೋಡಿಸಿದ್ದು ನಾನೇ. ಪಟ್ಟಿಯಲ್ಲಿಲ್ಲದವರು ಪಾಳಿಗೆ ನುಗ್ಗದಿರಲಿ ಎಂದು ಜೋಡಿಸಿದ್ದು, ಅದೂ ನಂಜುಂಡಪ್ಪನ ಬೀಗರನ್ನು ತಡೆಯಲು.

ಮೊದಮೊದಲು ಮಲ್ಲಮ್ಮ ಮಗುವನ್ನು ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಬೀಗ ಹಾಕಿ ಬಂದಳು. ಮಗು ಅತ್ತು ಅತ್ತು ಕೆಮ್ಮು ಹತ್ತಿಸಿಕೊಂಡಿತು. ವಠಾರದ ಮಾಲೀಕರು, ನಾಳೆ ಏನಾದರೂ ಆದರೆ ನಾನು ಸ್ಟೇಷನ್ ಮೆಟ್ಟಿಲು ಹತ್ತಲಾರೆ, ಕೋಣೆ ಖಾಲಿ ಮಾಡಿ ಎಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಆಗ ನಾನು, ಇಲ್ಲಿ ನನ್ನ ಬಳಿ ಬಿಡು, ಆಮೇಲೆ ಮನೆಗೂ ಕರೆದುಕೊಂಡು ಹೋಗುತ್ತೇನೆ, ಪಾಳಿ ಮುಗಿಸಿ ಬಂದು ಎತ್ತಿಕೊಂಡು ಹೋಗು ಎಂದೆ. ಹಾಗೆ ಸವಿತಾ ಕೆಲವು ದಿನ ಸರ್ವರ್ ಕೋಣೆಯಲ್ಲಿ ಕೂತಳು. ಎ.ಸಿ.ಯ ಚಳಿಗೆ ನನ್ನ ಸ್ವೆಟರು ಹಾಕಿ ತೋಳು ಮಡಚಿದ್ದೆ. ಹಳೇ ಪ್ರಿಂಟ್ ಕಾಗದದ ಹಿಂದೆ ಗೆರೆ ಎಳೆಯುತ್ತಿದ್ದಳು.

"ಇದು ಏನ್ ಮಾಡತೈತ್ರಿ?" ಎಂದು ಒಂದು ದಿನ ಸರ್ವರ್ ತೋರಿಸಿ ಕೇಳಿದಳು.

"ನಿಮ್ಮವ್ವ ಯಾವಾಗ ಬರಬೇಕು, ಯಾವಾಗ ಹೋಗಬೇಕು ಅಂತ ಹೇಳುತ್ತೆ ಪುಟ್ಟಿ."

"ಹಂಗಾರ ಈಗ ಬಾ ಅಂತ ಹೇಳಾಕ ಹೇಳ್ರಿ" ಎಂದಳು.

ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಸುರಕ್ಷತೆಯ ತಪಾಸಣೆಗೆ ಬಂದವರು ಮಗುವನ್ನು ನೋಡಿದರು. ಕಾರ್ಖಾನೆಯೊಳಗೆ ಮಕ್ಕಳು, ಅದೂ ವಿದ್ಯುತ್ ಉಪಕರಣದ ಕೋಣೆಯಲ್ಲಿ! ಪ್ರಸಾದ್ ಫೋನ್ ಮಾಡಿ, "ಮೇಡಂ, ರಿಟೈರ್ ಆಗೋ ಟೈಮಲ್ಲಿ ನಿಮಗ್ಯಾಕೆ ಇದು?" ಎಂದರು. ಆ ದಿನದಿಂದ ಸವಿತಾ ಬರುವಂತಿರಲಿಲ್ಲ. ನನ್ನ ಮನೆಯಲ್ಲಿ ಹಗಲು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಮಲ್ಲಮ್ಮ ಹನುಮಂತರದೂ ಹಾಗೇ ಆಯಿತು. ಒಬ್ಬರು ಕೆಲಸ ಬಿಟ್ಟರೆ ಕೋಣೆಯ ಬಾಡಿಗೆ ನೀಗದು, ಇಬ್ಬರೂ ಬಿಡದಿದ್ದರೆ ಕೂಸು ಉಳಿಯದು.

ಹನುಮಂತನ ಅಕ್ಕ ಕುಷ್ಟಗಿಯ ಹತ್ತಿರ ಒಂದು ಊರಿನಲ್ಲಿದ್ದಳು. ಅಲ್ಲಿಗೆ ಬಿಟ್ಟುಬಂದರು. ಮಲ್ಲಮ್ಮ ಕೆಲಸಕ್ಕೆ ಬರುತ್ತಿದ್ದಳು, ತಂತಿ ಸುತ್ತುತ್ತಿದ್ದಳು. ಊಟದ ಬಿಡುವಿನಲ್ಲಿ ಹೊಂಗೆ ಮರದ ಕೆಳಗೆ ನಿಂತು ಫೋನ್ ಮಾಡುತ್ತಿದ್ದಳು. ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಾಗ, ಸವಿತಾ ಹೇಗಿದ್ದಾಳೆ ಎಂದು ಕೇಳಿದೆ.

"ಆರಾಮ ಅದಾಳ್ರಿ. ಫೋನಿಗೆ ಬರಂಗಿಲ್ರಿ ಈಗ. ಕರದ್ರ ಓಡಿ ಹೋಕ್ಕಾಳಂತ" ಎಂದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ಮೇಡಂ ಅವ್ರ, ನಮ್ಮ ಹೆಸರಿನ ಮ್ಯಾಲೆ ಬರದಿದ್ರಲ್ಲ, ಅದನ್ನ ಅಳಸ್ರಿ. ಈಗ ಬ್ಯಾಡ ಅದು. ಇಬ್ರನ್ನೂ ಒಂದ ಪಾಳಿಗೆ ಹಾಕ್ರಿ. ಅಡಿಗಿ ಒಂದ ಸಲ ಆಕ್ಕೈತಿ. ಒಬ್ಬಾಕಿನ ಆ ಖೋಲ್ಯಾಗ ಇರಾಕ ಆಗವಲ್ತು" ಎಂದಳು.

ಮಹಡಿಗೆ ಹೋಗಿ ನಿಯಮ ಅಳಿಸಿದೆ. ಇಬ್ಬರೂ ಒಟ್ಟಿಗೆ ಇರಲಿ ಎಂದು ಹೊಸದೊಂದು ಬರೆಯಲು ಹೋದರೆ ಸರ್ವರ್ ತೆಗೆದುಕೊಳ್ಳಲಿಲ್ಲ. ವೈಯಕ್ತಿಕ ನಿಯಮ ಸೇರಿಸುವ ಅಧಿಕಾರವನ್ನು ನನ್ನಿಂದ ತೆಗೆದು ವೈಟ್‌ಫೀಲ್ಡಿಗೆ ವಹಿಸಿದ್ದರು. ಅಳಿಸುವ ಅಧಿಕಾರ ಮಾತ್ರ ಉಳಿದಿತ್ತು. ಇರಲಿ, ನಿಯಮವಿಲ್ಲದಿದ್ದಾಗಲೂ ಮೊದಲ ಸಲ ಇಬ್ಬರನ್ನೂ ಒಂದೇ ಪಾಳಿಗೆ ಹಾಕಿತ್ತಲ್ಲ, ಈಗಲೂ ಹಾಕೀತು ಎಂದು ಕಾದೆ. ಶನಿವಾರ ಪಟ್ಟಿ ಬಂತು. ಮಲ್ಲಮ್ಮನಿಗೆ ಬೆಳಗಿನ ಪಾಳಿ, ಹನುಮಂತನಿಗೆ ಮಧ್ಯಾಹ್ನದ್ದು. ಮಗು ಇದ್ದಾಗ ಅವಳು ಮಹಡಿ ಹತ್ತಿ ಬಂದು ಕೇಳಿದ್ದೂ ಇದನ್ನೇ. ಸರ್ವರಿಗೆ ಇವರ ಮೇಲೆ ಹಗೆಯೇನೂ ಇಲ್ಲ ಎಂದು ನನಗೆ ಗೊತ್ತು. ಹಗೆಯಿದ್ದಿದ್ದರೆ ಅದರ ಕಾಲು ಹಿಡಿದಾದರೂ ಕೇಳುತ್ತಿದ್ದೆ.

ಈ ಕೆಲಸಕ್ಕೆ ಬರುವ ಮಕ್ಕಳೇ, ನಿಮಗೆ ಬುದ್ಧಿ ಹೇಳಲು ನನ್ನಲ್ಲಿ ಏನೂ ಇಲ್ಲ. ಡಿಸ್ಕ್ ನಡುಗದಂತೆ ನೋಡಿಕೊಳ್ಳಿ, ಒಂದು ಕಂಪ್ಯೂಟರಿನಿಂದ ಒಂದೇ ಲೆಕ್ಕ ಬರುವಂತೆ ಕಟ್ಟುಮಾಡಿ. ಅದಷ್ಟು ನನಗೆ ಬರುತ್ತದೆ, ಅದಷ್ಟನ್ನು ಕಲಿಸಬಲ್ಲೆ. ಅದರಾಚೆಗಿನದು ನನ್ನಿಂದ ಆಗಲಿಲ್ಲ. ನಿಮ್ಮಿಂದಾಗುತ್ತದೆ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಸೋಮವಾರ ಎರಡು ಗಂಟೆಗೆ ಸೈರನ್ ಕೂಗಿತು. ನೋಡಬಾರದು ಎಂದುಕೊಂಡೇ ಕಿಟಕಿಗೆ ಹೋದೆ. ಮಲ್ಲಮ್ಮ ಗೇಟು ದಾಟಿ ಹೊಂಗೆ ಮರದ ಕೆಳಗೆ ಬಂದಳು. ಹನುಮಂತ ಎದುರಿನಿಂದ ಬಂದ. ಅಭ್ಯಾಸ ಬಲ, ಅವಳ ಎರಡೂ ಕೈಗಳು ಮುಂದೆ ಬಂದವು. ಅವನು ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದು ಕೊಟ್ಟು ಒಳಗೆ ಹೋದ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಾಗಲಗುಂಟೆಯ ಕಡೆ ನಡೆದಳು.